ಸೋತ ಸೈನ್ಯಕ್ಕ ಬರೆದ ಕರಪತ್ರ: ಪೇನ್ ವಾದ ಮಾಡಿದನೋ, ಹಂಗಿಸಿದನೋ?

ನವನಗರದ ಓದುಗ | ಬಾಗಲಕೋಟಿ

ನಮ್ಮ ಓದುವ ಬಳಗದಾಗ ಈ ತಿಂಗಳು, ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕ ಕರಪತ್ರ ಬರೆದ ಥಾಮಸ್ ಪೇನ್ ಹಿಡಿದೀವಿ. 1776ರ ಜನವರಿಯೊಳಗ ಬಂದ 'ಕಾಮನ್ ಸೆನ್ಸ್' ಓದಿ ಮುಗೀತು. ಈಗ 'ದಿ ಅಮೆರಿಕನ್ ಕ್ರೈಸಿಸ್' ಮಾಲೆಯ ಮೊದಲನೇ ಬರಹಕ್ಕ ಬಂದು ನಿಂತೀವಿ. ಮೊದಲನೇದು ಓದುವಾಗ ಯಾರೂ ಜಗಳ ತಗೀಲಿಲ್ಲ. ಎರಡನೇದಕ್ಕ ಬಳಗ ಎರಡು ಹೋಳಾತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. 1776ರ ಜುಲೈದಾಗ ಅಮೆರಿಕದವರು ಬ್ರಿಟಿಷರಿಂದ ಸ್ವಾತಂತ್ರ್ಯ ಸಾರಿದ್ರು, ಆಗಸ್ಟ್‌ನಿಂದ ಬರೇ ಸೋಲು. ನ್ಯೂಯಾರ್ಕ್ ಹೋತು, ನವೆಂಬರ್‌ದಾಗ ಫೋರ್ಟ್ ವಾಷಿಂಗ್ಟನ್, ಫೋರ್ಟ್ ಲೀ ಎರಡೂ ಹೋದ್ವು. ಸೇನಾಪತಿ ಜಾರ್ಜ್ ವಾಷಿಂಗ್ಟನ್ನನ ಸೈನ್ಯ ನ್ಯೂಜೆರ್ಸಿ ಉದ್ದಕ್ಕೂ ಹಿಂದ ಸರಕೋತ ಡೆಲವೇರ್ ಹೊಳಿ ದಾಟಿ ಆಚೆ ದಂಡಿಗೆ ಕುಂತಿತ್ತು. ಡಿಸೆಂಬರ್ 31ಕ್ಕ ಭಾಳ ಮಂದಿ ಸಿಪಾಯಿಗಳ ಕರಾರು ಮುಗಿಯೂದಿತ್ತು. ಅಂಥಾ ಹೊತ್ತಿನ್ಯಾಗ, ಡಿಸೆಂಬರ್ 19ಕ್ಕ, ಫಿಲಡೆಲ್ಫಿಯಾದ ಪತ್ರಿಕೆಯೊಂದರಾಗ ಈ ಬರಹ ಬಂತು. ಇದು ಮನುಷ್ಯರ ಜೀವಕ್ಕ ಪರೀಕ್ಷೆ ಒಡ್ಡಿದ ಕಾಲ ಅಂತ ಪೇನ್ ಸುರು ಮಾಡತಾನ. ಅದರ ಬೆನ್ನಿಗೇ, ಹವಾ ಚೊಲೊ ಇದ್ದಾಗ ಬಂದು ಚಳಿಗೆ ಮನೀ ಹಾದಿ ಹಿಡಿಯೋ ಸಿಪಾಯಿಗೆ ಒಂದು ಏಟು.

ನನ್ನ ತಕರಾರು ಇಲ್ಲೇ ಐತಿ. ಕರಾರು ಮುಗಿದ ರೈತ ಮನೀಗೆ ಹೋಗೂದು ಅವನ ಹಕ್ಕು. ಹೊಲ ಐತಿ, ಹೆಂಡ್ತಿ ಮಕ್ಕಳು ಅದಾರ, ಕಾಲಾಗ ಬೂಟ್ ಇಲ್ಲ. ಅಂಥವನಿಗೆ ಹೇಡಿ ಅಂದು ನಿಲ್ಲಿಸಿದ್ರ ಅದನ್ನ ಬರವಣಿಗೆಯ ತಾಕತ್ತು ಅಂತ ನಾವು ಹೊಗಳಬೇಕೇನು? ಇದನ್ನ ಮನವೊಲಿಸೂದು ಅನ್ನಾಕ ನನಗ ಮನಸ್ಸಿಲ್ಲ. ನಾಕು ಮಂದಿ ಮುಂದ ಮಾನ ತಗಿಯೂದು ಇದು.

ಇಂಡಿ ಲಿಂಬಿ | ವಿಜಯಪುರ

ಸರ್, ನೀವು ಮೊದಲನೇ ಪ್ಯಾರಾದಾಗೇ ಸಿಟ್ಟಿಗೆದ್ದು ಪುಸ್ತಕ ಮುಚ್ಚೀರಿ ಅನಸ್ತದ. ಮುಂದಿಂದು ಓದ್ರಿ.

ಪೇನ್ ಆ ಹಿಂದೋಟದಾಗ ಖುದ್ದ ಇದ್ದ, ಜನರಲ್ ಗ್ರೀನ್‌ನ ಸಹಾಯಕ ಆಗಿ. ಫೋರ್ಟ್ ಲೀ ಬಿಟ್ಟು ಬಂದದ್ದನ್ನ ಹ್ಯಾಂಗ ಬರದಾನ ನೋಡ್ರಿ. ಇನ್ನೂರು ದೋಣಿಯೊಳಗ ವೈರಿಗಳು ಬಂದು ಏಳೆಂಟು ಮೈಲು ಮ್ಯಾಲೆ ಇಳಿದಾರ ಅಂತ ಸುದ್ದಿ ಬಂತು ಅಂತಾನ. ನಮ್ಮ ಬಲ ಬ್ರಿಟಿಷ್ ಸೇನಾಪತಿ ಹೋವ್ ತರಬಹುದಾದ ಬಲದ ಕಾಲು ಭಾಗನೂ ಇರಲಿಲ್ಲ ಅಂತಾನ. ಹ್ಯಾಕೆನ್ಸ್ಯಾಕ್ ಹೊಳಿಯ ಸೇತುವೆ ಯಾರ ಕೈಗೆ ಸಿಗ್ತದ ಅನ್ನೂದರ ಮ್ಯಾಲೆ ಎಲ್ಲಾ ನಿಂತಿತ್ತು, ವಾಷಿಂಗ್ಟನ್ ಮುಕ್ಕಾಲು ತಾಸಿನ್ಯಾಗ ಬಂದ, ಬಂಡಿಯೊಳಗ ಹಿಡಿಸಿದಷ್ಟು ಸಾಮಾನು ತಂದ್ವಿ, ಉಳಿದದ್ದು ಹೋತು. ಇಷ್ಟೇ. ನಮ್ಮ ಯೋಧರು ಸಿಂಹದಂಗ ಕಾದಿದ್ರು ಅನ್ನೂ ಧಾಟಿ ಎಲ್ಲೂ ಇಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದದ. ಸ್ವಾತಂತ್ರ್ಯ ಸಾರೂದು ಎಂಟು ತಿಂಗಳ ಮೊದಲೇ ಆಗಿದ್ರ ಚೊಲೊ ಇತ್ತು, ಹೋದ ಚಳಿಗಾಲ ನಾವು ಸರಿಯಾಗಿ ಬಳಸಲಿಲ್ಲ, ಅದು ತಪ್ಪು ಅಂದ್ರ ನಮ್ಮದೇ ತಪ್ಪು, ಬ್ಯಾರೆ ಯಾರನ್ನೂ ಬೈಯ್ಯಾಕ ಬರೂದಿಲ್ಲ ಅಂತಾನ. ಯುದ್ಧ ಸೋಲ್ತಿದ್ದಾಗ, ಪಕ್ಷದ ಪರ ಬರಿಯೋ ಮನುಷ್ಯ ಇಂಥಾ ಮಾತು ಅಚ್ಚು ಹಾಕಿಸ್ತಾನಂದ್ರ! ಇವತ್ತು ಒಂದು ಗ್ರಾಮ ಪಂಚಾಯ್ತಿ ಇಲೆಕ್ಷನ್ ಸೋತವರ ಬಾಯಾಗ ಈ ಮಾತು ಕೇಳ್ರಿ ನೋಡೂಣು.

ನನ್ನ ಮಾತು ಇಷ್ಟು: ಹಂಗಿಸಿದ್ದಕ್ಕ ಈ ಬರಹ ನಿಂತಿಲ್ಲ. ಸೋಲನ್ನ ಸೋತಂಗ ಹೇಳಿದ್ದಕ್ಕ ನಿಂತದ. ಓದುವ ಸಿಪಾಯಿ ಅದೇ ಕೆಸರಾಗ ನಡದು ಬಂದಾಂವ. ಅವನ ಮುಂದ ಸುಳ್ಳ ಹೇಳಿದ್ರ ಮುಂದಿನ ಸಾಲು ಅವನು ಕೇಳ್ತಿರಲಿಲ್ಲ.

ನವನಗರದ ಓದುಗ | ಬಾಗಲಕೋಟಿ

ಲಿಂಬಿಯವರ, ನೀವು ಹೇಳಿದ ಭಾಗ ನಾನೂ ಓದೀನಿ. ಅದರ ಮುಂದಿನ ಪುಟದಾಗೇ ಟೋರಿಗಳೆಲ್ಲಾ, ಅಂದ್ರ ರಾಜನ ಪರ ಇದ್ದವರೆಲ್ಲಾ, ಹೇಡಿಗಳು. ಗುಲಾಮಗಿರಿಯ ಅಂಜಿಕೆನೇ ಅವರ ಬುನಾದಿ ಅಂತಾನ. ಒಂದು ಕೈಲೆ ಪ್ರಾಮಾಣಿಕತನ, ಇನ್ನೊಂದು ಕೈಲೆ ರಾಡಿ. ಎರಡನೇ ಕೈ ಕಾಣದಂಗ ಓದೂದು ಹೆಂಗ?

ತಿಲಕವಾಡಿ ಕಟ್ಟಿ | ಬೆಳಗಾವಿ

ನಾನು ಬ್ಯಾರೆ ಕಡೆಯಿಂದ ಬರ್ತೀನಿ. ನಮ್ಮ ಊರಾಗೇ ಇದಕ್ಕ ಎದುರಿಗಿಟ್ಟು ನೋಡೂವಂಥಾದ್ದು ಒಂದೈತಿ.

1916ರ ಏಪ್ರಿಲ್ ಕೊನಿಗೆ ಬೆಳಗಾವಿಯೊಳಗ ತಿಲಕರು ಹೋಮ್ ರೂಲ್ ಲೀಗ್ ಹುಟ್ಟು ಹಾಕಿದ್ರು. ಮೇ 1ಕ್ಕ ಇಲ್ಲೇ ಭಾಷಣ ಮಾಡಿದ್ರು. ಅವಾಗೂ ಜಗತ್ತಿನ್ಯಾಗ ಯುದ್ಧನೇ ನಡದಿತ್ತು ಅನ್ನೂದು ಮರೀಬ್ಯಾಡ್ರಿ. ಆ ಭಾಷಣದ ಬುಡದಾಗ ಇರೂ ಯುಕ್ತಿ ಏನಂದ್ರ, ಸರಕಾರನ ಎರಡು ಮಾಡೂದು: ಕಣ್ಣಿಗೆ ಕಾಣದ ಸರಕಾರ ಒಂದು, ಕಣ್ಣಿಗೆ ಕಾಣೂ ಸರಕಾರ ಒಂದು. ನಿರ್ಗುಣ ಬ್ರಹ್ಮ, ಸಗುಣ ಬ್ರಹ್ಮ ಇದ್ದಂಗ. ಚಕ್ರವರ್ತಿ ಮ್ಯಾಲೆ ನಮಗೇನೂ ಸಿಟ್ಟಿಲ್ಲ, ನಡುವ ಕುಂತ ಸಾಹೇಬರ ಕಾರಭಾರ ಬದಲಾಗಬೇಕು ಅಷ್ಟೇ. ಕೀರ್ತನ ಕೇಳಿ ಬೆಳೆದ ಮಂದಿಗೆ ಒಂದೇ ಏಟಿಗೆ ತಿಳಿಯೂ ಮಾತು. ಸರಕಾರಿ ವಕೀಲಗ ಮಾತ್ರ ಹಿಡಿಯಾಕ ತುದಿ ಸಿಗಬಾರದು.

ಸರಕಾರ ಬಿಡಲಿಲ್ಲ. ಬೆಳಗಾವಿ, ಅಹ್ಮದ್‌ನಗರದ ಭಾಷಣಗಳನ್ನ ಹಿಡಕೊಂಡು 20,000 ರೂಪಾಯಿ ಜಾಮೀನು ಮುಚ್ಚಳಿಕೆ ಕೇಳಿದ್ರು. ಬಾಂಬೆ ಹೈಕೋರ್ಟ್‌ನ್ಯಾಗ ಜಿನ್ನಾ ವಾದ ಮಾಡಿದ್ರು, ಅದೇ ವರ್ಷ ನವೆಂಬರ್‌ದಾಗ ಆ ಹುಕುಮ್ ರದ್ದಾತು. ಅಂದ್ರ ಆ ವೇದಾಂತದ ಪರದೆ ಖರೇನೇ ಕೆಲಸ ಮಾಡತು.

ಈಗ ಪೇನ್‌ನ 'ಕಾಮನ್ ಸೆನ್ಸ್' ನೋಡ್ರಿ. ಅದು ಬರೂತನಕ ಅಮೆರಿಕದವರೂ ಇದೇ ಪರದೆ ಹಿಡಕೊಂಡಿದ್ರು: ರಾಜ ಚೊಲೊ, ಮಂತ್ರಿಗಳು ಕೆಟ್ಟವರು, ಪಾರ್ಲಿಮೆಂಟ್ ಕೆಟ್ಟದ್ದು. ಪೇನ್ ಆ ಪರದೇನ ಹರದು ಒಗದ. ಮೂರನೇ ಜಾರ್ಜ್‌ಗ ನೇರ 'ರಾಜಪಶು' ಅಂದ. ಇಂಗ್ಲಂಡಿನ ರಾಜವಂಶದ ಮೂಲ ಪುರುಷ ವಿಲಿಯಂ ಅಂದ್ರ ಹತ್ಯಾರ ಹಿಡಿದ ದರೋಡೆಕೋರರ ಜೋಡಿ ಬಂದ ಫ್ರೆಂಚ್ ಹಾದರದ ಕೂಸು ಅಂದ. ಒಂದು ಖಂಡನ್ನ ಒಂದು ನಡುಗಡ್ಡಿ ಕಾಯಮ್ಮಾಗಿ ಆಳೂದು ಯಾವ ಲೆಕ್ಕ ಅಂತ ಕೇಳಿದ. ಹೆಸರು ಮಾತ್ರ ಹಾಕಲಿಲ್ಲ, ಹಾಕಿದ್ರ ಗಲ್ಲು.

ಕಾನೂನು ಎಷ್ಟು ಹತ್ರ ನಿಂತೈತಿ ಅನ್ನೂದರ ಮ್ಯಾಲೆ ಮಾತಿನ ರೂಪ ನಿರ್ಧಾರ ಆಗತೈತಿ. ನಮ್ಮ ಕಡೆ ಕೀಚಕ, ರಾವಣ, ಅಫ್ಜಲ್‌ಖಾನ ಇವರೆಲ್ಲಾ ಬಂದದ್ದು ಭಕ್ತಿಗಲ್ಲ. ಮರಾಠಿ ನಾಟಕಕಾರ ಖಾಡಿಲ್ಕರರ ಕೀಚಕವಧದ ನಾಟಕನ 1910ರಾಗ ಬಂದ್ ಮಾಡಿಸಿದ್ರು. ಕೀಚಕ ಅಂದ್ರ ವೈಸರಾಯ್ ಆಗಿದ್ದ ಕರ್ಜನ್ ಅಂತ ಪ್ರೇಕ್ಷಕರಿಗೂ ಗೊತ್ತಿತ್ತು, ಪೊಲೀಸರಿಗೂ ಗೊತ್ತಾತು.

ಮುಧೋಳ ಹುಲಿ | ಬಾಗಲಕೋಟಿ ಜಿಲ್ಲೆ

ಕಟ್ಟಿ ಅಣ್ಣಾರ, ತಿಲಕರದು ಮರಾಠಿ ಭಾಷಣ, ನಮ್ಮ ಕನ್ನಡದ್ದು ಏನೂ ಇಲ್ಲೇನು?

ಹಲಗಲಿ ಲಾವಣಿ ಐತಲ್ಲ. ಹತ್ತನೇತ್ತೆ ಓದಿದವರಿಗೆಲ್ಲಾ ಗೊತ್ತು. 1857ರಾಗ ಕುಂಪಣಿ ಸರಕಾರ ಎಲ್ಲಾರ ಹತ್ಯಾರ ಕಸಿದುಕೊಳ್ಳೂ ಕಾನೂನು ತಂತು, ಹಲಗಲಿಯ ಬೇಡರು ಕೊಡಲಿಲ್ಲ, ಊರಿಗೆ ಊರೇ ಸುಟ್ಟರು. ಜಡಗ, ಬಾಲ, ಹನುಮ, ರಾಮ. ನಮ್ಮ ಅಜ್ಜ ಹೊಲದಾಗ ಹಾಡತಿದ್ದ. ಪೇನ್ ಓದಿ ಮೈ ಜುಮ್ ಅನ್ನೂದಕ್ಕಿಂತ ಅದು ಕೇಳಿದ್ರ ಹೆಚ್ಚು ಜುಮ್ ಅಂತೈತಿ.

ಇಂಡಿ ಲಿಂಬಿ | ವಿಜಯಪುರ

ಹುಲಿ ತಮ್ಮಾ, ಲಾವಣಿಗೆ ನಾನೂ ಕೈ ಮುಗೀತೀನಿ. ಆದ್ರ ಎರಡರ ಕೆಲಸ ಬ್ಯಾರೆ ಅದ. ಲಾವಣಿ ಕಟ್ಟಿದವಗ ಕೊನಿ ಗೊತ್ತದ. ಊರು ಸುಟ್ಟಾದ, ಗಲ್ಲು ಹಾಕ್ಯಾರ, ಇನ್ನ ಉಳಿದದ್ದು ಸತ್ತವರ ಹೆಸರು ಉಳಿಸೂದು. ಕೇಳೂವವಗ ನಾಳೆ ಬೆಳಿಗ್ಗೆ ಏನೂ ಮಾಡೂದಿಲ್ಲ, ನೆನಪಿಟ್ಟುಕೊಂಡ್ರ ಸಾಕು.

ಪೇನ್ ಡಿಸೆಂಬರ್ ನಡುವ ಬರೀತಿದ್ದಾಗ ಮುಂದೇನು ಅಂತ ಅವನಿಗೇ ಗೊತ್ತಿಲ್ಲ. ಒಂದು ವಾರದಾಗ ವಾಷಿಂಗ್ಟನ್ ಸಿಕ್ಕಿಬಿದ್ದಿದ್ರ ಆ ಕಾಗದ ಪೇನ್‌ನ ಕೊರಳಿಗೆ ಉರುಲು ಆಗ್ತಿತ್ತು. ಯುದ್ಧಕಾಲದ ಬರಹಕ್ಕೂ ಯುದ್ಧದ ಬಗ್ಗೆ ಬರಹಕ್ಕೂ ಇರೂ ಅಂತರ ಇದೇ. ಒಂದರ ಮುಂದ ತಾರೀಖು ನಿಂತಿರ್ತದ. ಇನ್ನೊಂದರ ಹಿಂದ.

ನಿರ್ವಾಹಕ

ಗಡಿ ವಿಚಾರ ಎಳೆದು ತಂದ ಎರಡು ಪ್ರತಿಕ್ರಿಯೆ ತಗದೀನಿ. ತಿಲಕರು ಯಾವ ಭಾಷೆಯವರು ಅನ್ನೂ ಜಗಳಕ್ಕ ಬ್ಯಾರೆ ಕಡೆ ಜಾಗಾ ಐತಿ. ವಿಷಯಕ್ಕ ಬರ್ರಿ.

ನಿವೃತ್ತ ಮಾಸ್ತರ | ಬೈಲಹೊಂಗಲ

ಇಷ್ಟೊತ್ತು ಸುಮ್ಮನ ಓದುತ್ತಿದ್ದೆ. ಒಂದು ಸಣ್ಣ ಸಂಗತಿ ಹೇಳಿ ಹೋಗುತ್ತೇನೆ.

ಅದೇ ಬರಹದಲ್ಲಿ ಪೇನ್ ಭಯದ ಬಗ್ಗೆ ಒಂದು ವಿಚಿತ್ರ ಮಾತು ಆಡುತ್ತಾನೆ. ಗಾಬರಿಯೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ, ಯಾರು ಖರೆ, ಯಾರು ಕಪಟಿ ಎಂಬುದನ್ನು ಅದು ಹೊರಹಾಕುತ್ತದೆ ಎನ್ನುತ್ತಾನೆ. ಅದಕ್ಕೆ ಸಾಕ್ಷಿಯಾಗಿ ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳನ್ನು ತರುತ್ತಾನೆ. ಚದುರಿಹೋದ ಒಂದಿಷ್ಟು ಪಡೆ ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಇಂಗ್ಲಿಷರನ್ನು ಓಡಿಸಿದಳು, ನಮ್ಮ ಜೆರ್ಸಿಯಲ್ಲೂ ಅಂಥವಳೊಬ್ಬಳು ಹುಟ್ಟಿಬರಲಿ ಎನ್ನುತ್ತಾನೆ. ಅವಸರದ ಬರವಣಿಗೆ ನೋಡಿ, ಶತಮಾನವನ್ನೇ ತಪ್ಪಿಸಿದ್ದಾನೆ. ಹದಿನಾಲ್ಕನೆಯದು ಎಂದು ಬರೆದಿದ್ದಾನೆ, ಆಕೆ ಇದ್ದದ್ದು ಹದಿನೈದನೆಯದರಲ್ಲಿ. ಸೈನ್ಯದ ಜೊತೆ ನಡೆಯುತ್ತಾ ಬರೆದವನ ಹತ್ತಿರ ಗ್ರಂಥಾಲಯ ಎಲ್ಲಿಂದ ಬರಬೇಕು.

ಕಿತ್ತೂರು ನಮಗೆ ಹತ್ತಿರ, ಹಾಗಾಗಿ ಇಲ್ಲಿಯ ಮಕ್ಕಳಿಗೆ ಈ ಸಾಲು ಓದಿ ಹೇಳಿದರೆ ಕಿವಿ ನೆಟ್ಟಗಾಗುತ್ತವೆ. ಆದರೆ ಚೆನ್ನಮ್ಮನ ವಿಷಯದಲ್ಲಿ ನಾವು ವೇದಿಕೆಯ ಗರ್ಜನೆಯನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಆಕೆ ಮೊದಲು ಮಾಡಿದ್ದು ಮನವಿ ಬರೆಸಿ ಕಳಿಸಿದ್ದು. ದತ್ತಕವನ್ನು ಒಪ್ಪಿರೆಂದು ಬಾಂಬೆಯ ಗವರ್ನರ್ ಎಲ್ಫಿನ್‌ಸ್ಟನ್‌ವರೆಗೂ ಪತ್ರ ಹೋಯಿತು. ಅದು ಫಲಿಸದೆ ಹೋದ ಮೇಲೆ 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಠಾಕ್ರೆ ಕೋಟೆಯ ಮುಂದೆ ಬಿದ್ದ. ಪೇನ್‌ಗೂ ಹೀಗೇ ಒಂದು ಪೂರ್ವಕಥೆ ಇದೆ. 1772ರಲ್ಲಿ ಅವನು ಇಂಗ್ಲಂಡಿನಲ್ಲಿ ಅಬಕಾರಿ ನೌಕರ. ನೌಕರರ ಸಂಬಳ ಹೆಚ್ಚಿಸಿರೆಂದು ಪಾರ್ಲಿಮೆಂಟಿಗೆ ವಿನಯದಿಂದ ಮನವಿ ಬರೆದ. ಪುಡಿಗಾಸೂ ಹೆಚ್ಚಲಿಲ್ಲ, ಮುಂದೆ ಕೆಲಸವೂ ಹೋಯಿತು. 1774ರ ಕೊನೆಗೆ ಫ್ರಾಂಕ್ಲಿನ್ ಕೊಟ್ಟ ಪರಿಚಯಪತ್ರ ಹಿಡಿದು ಫಿಲಡೆಲ್ಫಿಯಾದಲ್ಲಿ ಇಳಿದ. ಬಂದು ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ, 'ಕಾಮನ್ ಸೆನ್ಸ್' ಹೊರಬಂತು. ಮನವಿಯ ಭಾಷೆ ಎಲ್ಲಿ ಸೋಲುತ್ತದೆ ಎಂದು ಸ್ವತಃ ಉಂಡು ಬಂದವನು.

ಲೆಕ್ಕಪತ್ರ | ವಿಜಯಪುರ

ಎಲ್ಲಾರೂ ಮಾತಿನ ಮಹಿಮಾ ಹೇಳ್ಲಿಕ್ಕತ್ತೀರಿ. ರೊಕ್ಕದ ಸುದ್ದಿ ಯಾರೂ ತಗೀಲಿಲ್ಲ.

ವಾಷಿಂಗ್ಟನ್ ನ್ಯೂಜೆರ್ಸಿಯ ಟ್ರೆಂಟನ್ ಗೆದ್ದದ್ದು ಡಿಸೆಂಬರ್ 26ರ ಮುಂಜಾನೆ. ಬ್ರಿಟಿಷರು ಬಾಡಿಗೆಗೆ ತಂದ ಜರ್ಮನ್ ಸಿಪಾಯಿಗಳು, ಅಂದ್ರ ಹೆಸ್ಸಿಯನ್ನರು, ಸುಮಾರು ಒಂಬೈನೂರು ಮಂದಿ ಸೆರೆಸಿಕ್ಕರು. ಆ ದಾಳಿಗೆ ಮೊದಲು ಪೇನ್‌ನ ಬರಹನ ಸೈನಿಕರ ಮುಂದ ಓದಿಸಿದ್ರು ಅನ್ನೂ ಕಥಿ ಎಲ್ಲಾ ಕಡೆ ಸಿಗ್ತದ; ಇತಿಹಾಸಕಾರರು ಅದನ್ನ ಒಪ್ಪೂದರಾಗ ಒಂದಾಗಿಲ್ಲ. ಇರಲಿ. ಓದಿದ್ರು ಅಂತನೇ ಇಟ್ಟುಕೊಳ್ಳೂಣು. ಗೆದ್ದ ಮ್ಯಾಲೂ 31ನೇ ತಾರೀಖು ತಪ್ಪಲಿಲ್ಲ! ವಾಷಿಂಗ್ಟನ್ ಸೈನಿಕರನ್ನ ಸಾಲಾಗಿ ನಿಲ್ಲಿಸಿ, ಇನ್ನೂ ಆರು ವಾರ ಇರ್ರಿ, ಒಬ್ಬೊಬ್ಬರಿಗೆ ಹತ್ತು ಡಾಲರ್ ಇನಾಮು ಕೊಡ್ತೀನಿ ಅಂದ. ಸಾದಾ ಸಿಪಾಯಿಯ ತಿಂಗಳ ಪಗಾರ ಆರೂ ಮುಕ್ಕಾಲು ಡಾಲರಿನ ಒಳಗ. ಈಗ ಹೇಳ್ರಿ, ಸೈನ್ಯ ನಿಂತದ್ದು ಪೇನ್‌ನ ವಾಕ್ಯಕ್ಕೋ, ಹತ್ತು ಡಾಲರಿಗೋ?

'ಕಾಮನ್ ಸೆನ್ಸ್' ಐದು ಲಕ್ಷ ಪ್ರತಿ ಹೋತು ಅನ್ನೂದೂ ಹಂಗೇ. ಅವಾಗ ಅಲ್ಲಿದ್ದ ಮಂದಿನೇ ಇಪ್ಪತ್ತೈದು ಲಕ್ಷದ ಆಸುಪಾಸು, ಅದರಾಗ ಗುಲಾಮರು, ಕೂಸುಗಳು ಎಲ್ಲಾ ಬಂದ್ರು. ಪೇನ್ ತಾನೇ ಹೇಳಿಕೊಂಡದ್ದು ಮೂರು ತಿಂಗಳಿನ್ಯಾಗ 1,20,000. ಅದನ್ನೂ ಇವತ್ತಿನ ವಿದ್ವಾಂಸರು ಪೂರಾ ನಂಬೂದಿಲ್ಲ.

ತಿಲಕವಾಡಿ ಕಟ್ಟಿ | ಬೆಳಗಾವಿ

ಲೆಕ್ಕಪತ್ರದವರ, ಪ್ರತಿಯ ಲೆಕ್ಕ ಹಿಡಕೊಂಡು ಕುಂತ್ರ ಓದಿ ಕೇಳಿಸಿಕೊಂಡವರನ್ನ ಎಲ್ಲಿ ಬರೀತೀರಿ? ಕೇಸರಿ ಪತ್ರಿಕೆ ನಮ್ಮ ಕಡೆ ಬಂದಾಗ ಒಂದು ಪ್ರತಿ ಕಟ್ಟಿ ಮ್ಯಾಲೆ ಕುಂತು ಒಬ್ಬಾಂವ ಓದಾಂವ, ಹತ್ತು ಮಂದಿ ಕೇಳವರು. ಅಲ್ಲೂ ಹಂಗೇ, ಹೆಂಡದಂಗಡಿಯೊಳಗ, ಚರ್ಚಿನ ಮುಂದ. ಫಿಲಡೆಲ್ಫಿಯಾದಾಗ ಅದೇ ವರ್ಷ ಜರ್ಮನ್ ಭಾಷಾಕ್ಕೂ ಬಂತು. ವಾಕ್ಯ ಸಣ್ಣವು, ಬೈಬಲ್ ಬಿಟ್ರ ಬ್ಯಾರೆ ಗ್ರಂಥದ ಹಂಗು ಭಾಳಿಲ್ಲ, ಅದರಾಗೂ ಇಸ್ರೇಲಿನ ಮಂದಿ ನಮಗ ರಾಜ ಬೇಕು ಅಂತ ಪ್ರವಾದಿ ಸಮುವೇಲನ ಹತ್ರ ಹೋದ ಕಥಿ. ಕಿವಿಗೆ ಬರದಾನ.

ಮತ್ತ ಹತ್ತು ಡಾಲರ್ ಕಥಿ ಅರ್ಧಾ ಹೇಳಿ ಬಿಟ್ರಿ. ಇನಾಮು ಸಾರಿ ನಗಾರಿ ಬಾರಿಸಿದಾಗ ಒಬ್ಬನೂ ಮುಂದ ಬರಲಿಲ್ಲ. ಅಲ್ಲಿದ್ದ ಒಬ್ಬ ಸಾರ್ಜೆಂಟ್ ಮುಂದ ಬರದಿಟ್ಟಾನ: ವಾಷಿಂಗ್ಟನ್ ಕುದುರಿ ತಿರುಗಿಸಿ ಮತ್ತ ಅವರ ಮುಂದ ಬಂದ. ನಾನು ಕೇಳಿದ್ದೆಲ್ಲಾ ನೀವು ಮಾಡೀರಿ, ನ್ಯಾಯವಾಗಿ ಕೇಳಬಹುದಾದ್ದಕ್ಕಿಂತ ಹೆಚ್ಚು ಮಾಡೀರಿ, ಆದ್ರ ನಿಮ್ಮ ದೇಶ, ನಿಮ್ಮ ಹೆಂಡ್ತಿ, ನಿಮ್ಮ ಮನಿ ಪಣಕ್ಕೈತಿ ಅಂದ. ಮತ್ತ ನಗಾರಿ ಬಾರಿಸಿದ್ರು. ಅವಾಗ ಒಬ್ಬರ ಮಾರಿ ಒಬ್ಬರು ನೋಡಿಕೊಂಡು, ಒಂದಿಷ್ಟು ಮಂದಿ ಮುಂದ ಬಂದ್ರು. ರೊಕ್ಕ ಮೊದಲನೇ ಸಲನೂ ಅಷ್ಟೇ ಇತ್ತು, ಎರಡನೇ ಸಲನೂ ಅಷ್ಟೇ. ನಡುವ ಬದಲಾದದ್ದು ಮಾತು.

ನವನಗರದ ಓದುಗ | ಬಾಗಲಕೋಟಿ

ಕಟ್ಟಿ ಸರ್, ನೀವು ನನ್ನ ಕೈಗೇ ಕೋಲು ಕೊಟ್ರಿ. ಆ ಭಾಷಣದಾಗ ಹಂಗಿಸೂ ಮಾತು ಒಂದೂ ಇಲ್ಲ ನೋಡ್ರಿ. ನೀವು ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟೀರಿ ಅಂತ ಸುರು ಮಾಡಿದ. ಅಂದ್ರ ಮನೀಗೆ ಹೋಗೂ ಹಕ್ಕು ನಿಮಗೈತಿ ಅಂತ ಒಪ್ಪಿಕೊಂಡ ಮ್ಯಾಲೆ ಕೇಳಿದ. ಪೇನ್ ಆ ಹಕ್ಕನ್ನೇ ಒಪ್ಪಿಲ್ಲ.

ಇಂಡಿ ಲಿಂಬಿ | ವಿಜಯಪುರ

ಒಬ್ಬಾಂವ ಕುದುರಿ ಮ್ಯಾಲೆ ಕುಂತು ಕಣ್ಣಾಗ ಕಣ್ಣಿಟ್ಟು ಮಾತಾಡ್ಲಿಕ್ಕತ್ತಾನ. ಇನ್ನೊಬ್ಬಾಂವ ಅಚ್ಚಿನ ಕಾಗದದಾಗ, ಕಾಣದ ಮಂದಿಗೆ, ಸಿಪಾಯಿಗಳಿಗಷ್ಟೇ ಅಲ್ಲ, ಮನಿಯೊಳಗ ಕುಂತವರಿಗೂ ಬರೀಲಿಕ್ಕತ್ತಾನ. ಕುಂತವರು ಯಾರು ಅಂತ ತಿಳಕೋರಿ.

ನವೆಂಬರ್ 30ಕ್ಕ ಹೋವ್ ಒಂದು ಜಾಹೀರನಾಮೆ ಹೊರಡಿಸಿದ್ದ: ಅರವತ್ತು ದಿನದೊಳಗ ಬಂದು ರಾಜನಿಗೆ ನಿಷ್ಠೆಯ ಆಣೆ ಮಾಡಿದವರಿಗೆ ಮಾಫಿ. ನ್ಯೂಜೆರ್ಸಿಯೊಳಗ ಸಾವಿರಾರು ಮಂದಿ ಸಾಲುಗಟ್ಟಿ ಹೋಗಿ ಚೀಟಿ ಬರಿಸಿಕೊಂಡ್ರು. ಪೇನ್‌ನ ಖರೆ ಎದುರಾಳಿ ಈ ಚೀಟಿ. ಅದೂ ಮನವೊಲಿಸೂ ಬರಹನೇ, ಅದೂ ಭಾಳ ಚತುರ ಬರಹ: ತಾರೀಖದ, ಅಂಜಿಕಿ ಅದ, ಬಿಡುಗಡೆ ಅದ. ಅದಕ್ಕ ಪೇನ್ ಹೇಳಿದ್ದು, ನರಿಯ ಕಪಟ ಅಂದ್ರೂ ತೋಳದ ಹಲ್ಲು ಅಂದ್ರೂ ಸಾವು ಒಂದೇ ಅನ್ನೂ ಅರ್ಥದ ಮಾತು.

ಆ ಮಾತಿಗಿಂತ ಮೊದಲೇ ಬರ್ತದ ನನಗ ಇಡೀ ಬರಹದಾಗ ಕಡೀಕ ನಿಲ್ಲೂ ಭಾಗ. ಅಂಬಾಯ್ ಅನ್ನೂ ಊರಾಗ ಹೆಂಡದಂಗಡಿ ಮಾಲಕ ಒಬ್ಬ, ರಾಜನ ಪರ ಇದ್ದಾಂವ, ಬಾಗಿಲದಾಗ ನಿಂತಾನ. ಕೈಯಾಗ ಎಂಟೊಂಬತ್ತು ವರ್ಷದ ಕೂಸು. ಅಷ್ಟು ಚಂದದ ಕೂಸು ನೋಡಿಲ್ಲ ಅಂತಾನ ಪೇನ್. ಆ ಮನುಷ್ಯ ಹೇಳಿದ್ರ ಅಡ್ಡಿಲ್ಲ ಅನಿಸಿದಷ್ಟು ತನ್ನ ವಿಚಾರ ಹೇಳಿ ಮುಗಿಸಿ, "ನಾ ಇರೂತನಕ ಸಮಾಧಾನ ಇದ್ರ ಸಾಕಪ್ಪ" ಅಂದುಬಿಟ್ಟ. ತಂದಿ ಆದಾಂವ ಆಡೂ ಮಾತೇನಿದು ಅಂತ ಪೇನ್ ತಿರುಗಿ ಹೇಳ್ತಾನ: ತ್ರಾಸು ಬರೂದೇ ಆದ್ರ ನನ್ನ ಕಾಲಕ್ಕ ಬರಲಿ, ನನ್ನ ಕೂಸಿಗೆ ಸಮಾಧಾನ ಇರಲಿ.

ಆ ಮಾಲಕ ರಾಕ್ಷಸ ಅಲ್ಲ. ನಮ್ಮ ನಿಮ್ಮಂಗ ಗಲ್ಲಾಪೆಟ್ಟಿಗೆ ಮುಂದ ಕುಂದ್ರೂ ಮನುಷ್ಯ. ಕೂಸಿನ ಕೈ ಅವನ ಕೈಯಾಗ ಅದ ಅನ್ನೂದೊಂದು ಬಿಟ್ರ ಪೇನ್ ಅಲ್ಲಿ ಮತ್ತೇನೂ ಸೇರಿಸಿಲ್ಲ. ಟೋರಿಗಳೆಲ್ಲಾ ಹೇಡಿಗಳು ಅನ್ನೂ ಸಾಲನ್ನ ನೀವು ಬೇಕಾದ್ರ ಹೊಡೆದು ಹಾಕ್ರಿ, ನನ್ನದೇನೂ ತಕರಾರಿಲ್ಲ, ಅದು ಅಗ್ಗದ ಸಾಲು. ಈ ಹೆಂಡದಂಗಡಿಯ ಸಾಲು ಮಾತ್ರ ಓದಿದವನ ಮನೀತನಕ ಹೋಗ್ತದ.

ಘಟಪ್ರಭಾ | ಗೋಕಾಕ

ಎಲ್ಲಾ ಅಣ್ಣಾರು ಕೂಸು, ಮನಿ, ಹೆಂಡ್ತಿ ಅಂತ ಕರಗಿ ಹೋಗೀರಿ. ಯಾರ ಕೂಸು ಅಂತ ಯಾರರ ಕೇಳಿದ್ರೇನು?

'ಕಾಮನ್ ಸೆನ್ಸ್'ದಾಗೇ ಒಂದು ಸಾಲು ಐತಿ: ಇಂಡಿಯನ್ನರನ್ನ (ಅಂದ್ರ ಅಮೆರಿಕದ ಮೂಲ ನಿವಾಸಿಗಳನ್ನ), ನೀಗ್ರೋಗಳನ್ನ ನಮ್ಮ ಮ್ಯಾಲೆ ಎತ್ತಿಕಟ್ಟಿದ ಅನಾಗರಿಕ, ನರಕದಂಥಾ ಸರಕಾರ ಅಂತ. 1775ರ ನವೆಂಬರ್‌ದಾಗ ವರ್ಜೀನಿಯಾದ ಗವರ್ನರ್ ಡನ್ಮೋರ್, ಬಂಡಾಯಗಾರ ಮಾಲಕರ ಗುಲಾಮರು ಬಂದು ನಮ್ಮ ಸೈನ್ಯ ಸೇರಿದ್ರ ಬಿಡುಗಡೆ ಅಂತ ಸಾರಿದ್ದ. ಆ ಗುಲಾಮನ ಕಣ್ಣಿಲೆ ನೋಡ್ರಿ. ಸ್ವಾತಂತ್ರ್ಯ ಕೊಡ್ತೀನಿ ಅನ್ನಾಂವ ರಾಜನ ಮನುಷ್ಯ, ಸ್ವಾತಂತ್ರ್ಯ ಅಂತ ಕರಪತ್ರ ಬರಿಯಾಂವ ಅದನ್ನ ನರಕ ಅನ್ನಾಕತ್ತಾನ. ಲಂಡನ್ನಿನ್ಯಾಗ ಲೇಖಕ ಸ್ಯಾಮುಯೆಲ್ ಜಾನ್ಸನ್ 1775ರಾಗೇ ಕುಟುಕಿದ್ದ: ನೀಗ್ರೋಗಳನ್ನ ದುಡಿಸಿಕೊಳ್ಳೂ ಮಾಲಕರ ಬಾಯಿಂದನೇ ಸ್ವಾತಂತ್ರ್ಯದ ಕೂಗು ಜೋರು ಕೇಳ್ತೈತಿ, ಯಾಕ? ಜಾನ್ಸನ್ ರಾಜನ ಪರ ಬರೆದದ್ದು ಖರೆ. ಆದ್ರ ಪ್ರಶ್ನೆ ಪ್ರಶ್ನೇನೇ.

ಸ್ವಾತಂತ್ರ್ಯ ಘೋಷಣೆಯ ಕರಡಿನ್ಯಾಗ ಜೆಫರ್ಸನ್ ಗುಲಾಮರ ವ್ಯಾಪಾರದ ತಪ್ಪನ್ನ ರಾಜನ ತಲಿಗೆ ಕಟ್ಟಿ ಒಂದು ಪ್ಯಾರಾ ಬರದಿದ್ದ. ಅಮೆರಿಕದ ಕಾಂಗ್ರೆಸ್ ಅದನ್ನ ಕಿತ್ತು ಹಾಕಿತು. ಉಳಿಸಿಕೊಂಡದ್ದು ಏನು? 'ದಯೆ ಇಲ್ಲದ ಇಂಡಿಯನ್ ಕಾಡುಮಂದಿ' ಅನ್ನೂ ಮಾತು. ಯುದ್ಧಕಾಲದ ಬರಹ 'ನಾವು' ಅಂತ ಒಂದು ಗುಂಪು ಕಟ್ಟತೈತಿ, ಅದರ ಶಕ್ತಿನೇ ಅದು. ಬಾಗಲಾ ಹಾಕಿದಾಗ ಹೊರಗ ಯಾರು ಉಳದ್ರು ಅಂತನೂ ಬಳಗದಾಗ ಓದ್ರಿ.

ನವನಗರದ ಓದುಗ | ಬಾಗಲಕೋಟಿ

ಅಕ್ಕಾರ, ಇದನ್ನ ಖಂಡಿತ ತಗೊಳ್ತೀವಿ. ನಮ್ಮಲ್ಲಿ ಈ ಸಾಲಿಗೆ ಯಾರೂ ನಿಲ್ಲಲೇ ಇಲ್ಲ.

ಹುದಲಿ ನೂಲು | ಬೆಳಗಾವಿ

ಆರು ವಾರ, ಅರವತ್ತು ದಿನ, ಡಿಸೆಂಬರ್ 31. ಈ ಚರ್ಚೆಯೊಳಗ ಬಂದ ಎಲ್ಲಾ ಮಾತಿನ ಕೆಳಗೂ ಒಂದು ಅಳತಿ ಐತಿ. ನಮ್ಮ ಊರಿನ ಅಳತಿ ಒಂದು ಹೇಳ್ತೀನಿ: ತಿಂಗಳಿಗೆ 2,000 ಗಜ ನೂಲು.

1924ರ ಬೆಳಗಾವಿ ಕಾಂಗ್ರೆಸ್ಸಿನ್ಯಾಗ ಗಾಂಧೀಜಿ ಅಧ್ಯಕ್ಷರಾದ್ರು, ಅವರು ಅಧ್ಯಕ್ಷರಾಗಿದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರು ಎಲ್ಲಾ ವ್ಯವಸ್ಥಾ ಹೊತ್ತಿದ್ರು. ಸದಸ್ಯ ಆಗಬೇಕಂದ್ರ ಚಂದಾ ರೊಕ್ಕ ಅಲ್ಲ, ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕು ಅನ್ನೂ ನಿಯಮ ಅಲ್ಲಿ ಪಾಸಾತು. ದೇಶಕ್ಕ ಜೀವ ಕೊಡ್ರಿ ಅನ್ನೂದು ಸುಲಭ, ಎಲ್ಲಾರೂ ಚಪ್ಪಾಳಿ ತಟ್ಟಿ ಎದ್ದು ಹೋಗ್ತಾರ. ಎರಡು ಸಾವಿರ ಗಜ ಅಂದ್ರ ಮನೀಗೆ ಹೋಗಿ ಚರಕದ ಮುಂದ ಕುಂದ್ರಬೇಕು.

ಲೆಕ್ಕಪತ್ರ | ವಿಜಯಪುರ

ಕುಂದ್ರಲಿಲ್ಲಲ್ರೀ! ಮುಂದಿನ ವರ್ಷನೇ ಅದನ್ನ ಸಡಿಲ ಮಾಡಿ, ನಾಕಾಣೆ ಕೊಟ್ರೂ ನಡೀತದ ಅಂತ ಮಾಡಿದ್ರು. ಅಳತಿ ಇಟ್ಟ ತಕ್ಷಣ ಮಾತು ಗೆಲ್ತದ ಅಂತೇನಿಲ್ಲ.

ಹುದಲಿ ನೂಲು | ಬೆಳಗಾವಿ

ಗೆಲ್ತೈತಿ ಅಂತ ನಾನೆಲ್ಲಿ ಅಂದೆ? ಸೋತದ್ದು ಎಷ್ಟು ಅಂತನೂ ಗಜದಾಗೇ ಗೊತ್ತಾತು. ಪೇನ್‌ನ ಬರಹದಾಗ ಇಂಥಾದ್ದಿಲ್ಲ ಅನ್ನೂದು ನನ್ನ ಆಕ್ಷೇಪ. ಎಲ್ಲಾ ರಾಜ್ಯದವರೂ ಬರ್ರಿ, ಹೆಗಲು ಕೊಡ್ರಿ ಅಂತಾನ. ನಾಳೆ ಮುಂಜಾನೆ ಎಲ್ಲಿ ಬಂದು ನಿಂದ್ರಬೇಕು ಅಂತ ಹೇಳೂದಿಲ್ಲ. ಆ ಕೆಲಸ ವಾಷಿಂಗ್ಟನ್ನನ ಆರು ವಾರ ಮಾಡತು.

ನಿವೃತ್ತ ಮಾಸ್ತರ | ಬೈಲಹೊಂಗಲ

ವಾಷಿಂಗ್ಟನ್ ಹೆಸರು ಪದೇಪದೇ ಬಂದದ್ದಕ್ಕೆ ಇನ್ನೊಂದು ಕಾಗದ ನೆನಪಾಯಿತು. 1776ರ ಡಿಸೆಂಬರ್ 18ರಂದು, ಅಂದರೆ ಪೇನ್‌ನ ಬರಹ ಅಚ್ಚಾಗುವುದಕ್ಕೆ ಹಿಂದಿನ ದಿನ, ವಾಷಿಂಗ್ಟನ್ ತನ್ನ ತಮ್ಮನಿಗೆ ಖಾಸಗಿ ಪತ್ರ ಬರೆದ. ಹೊಸ ಸೈನ್ಯ ಬೇಗ ಕೂಡದಿದ್ದರೆ ಆಟ ಬಹುತೇಕ ಮುಗಿದಂತೆಯೇ ಎಂದ.

ಹದಿನೆಂಟಕ್ಕೆ ಸೇನಾಪತಿ ಮನೆಯವರಿಗೆ ಹೀಗೆ ಬರೆಯುತ್ತಾನೆ. ಹತ್ತೊಂಬತ್ತಕ್ಕೆ ಅವನದೇ ಸೈನ್ಯದಲ್ಲಿ ನಡೆದುಬಂದವನು, ನನಗೆ ಅಂಜಿಕೆಯಿಲ್ಲ, ಅಂಜಲು ಕಾರಣವೂ ಕಾಣುತ್ತಿಲ್ಲ ಎಂದು ಊರಿಗೆಲ್ಲ ಸಾರುತ್ತಾನೆ. ಲಿಂಬಿಯವರು ಪೇನ್ ಸೋಲನ್ನು ಮುಚ್ಚಲಿಲ್ಲ ಎಂದರು, ನಿಜ. ಆದರೆ ಸೋಲಿನ ಸಂಗತಿಗಳನ್ನು ಹೇಳಿ, ಸೋಲಿನ ತೂಕವನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡ. ಇದನ್ನು ಸುಳ್ಳು ಎನ್ನಲಾರೆ. ಪೂರ್ತಿ ಸತ್ಯ ಎನ್ನಲೂ ನಾಲಗೆ ಏಳುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆಯ ಹಿಂದಿನ ದಿನ ಧೈರ್ಯ ಹೇಳಿದವನಿಗೆ ಈ ವಿಷಯದಲ್ಲಿ ಪೇನ್‌ನನ್ನು ಬೈಯುವ ಅಧಿಕಾರ ಇಲ್ಲ ಬಿಡಿ.

ಬಿಎ ಎರಡನೇ ವರ್ಷ | ವಿಜಯಪುರ

ನಮಸ್ಕಾರ್ರೀ ಎಲ್ಲಾರಿಗೂ. ನವನಗರ ಬಳಗದ ಮುಂದಿನ ಸಭಾಕ್ಕ ನಾನೂ ಬರೂದದ, ಅಲ್ಲಿ ಒಂದು ಪಕ್ಷ ಹಿಡಿದು ಮಾತಾಡಬೇಕು ಅಂದಾರ. ಪೇನ್ ಪರ ಮಾತಾಡೂವವರು ಈಗೇ ಆರು ಮಂದಿ ಆಗ್ಯಾರಂತ. ನಾನು ಎದುರು ಪಕ್ಷ ಹಿಡೀಬೇಕಂತ ಮಾಡೀನಿ: ಜೇಮ್ಸ್ ಛಾಲ್ಮರ್ಸ್. 'ಕಾಮನ್ ಸೆನ್ಸ್'ಗೆ ಉತ್ತರ ಅಂತ 1776ರಾಗೇ 'ಪ್ಲೇನ್ ಟ್ರುತ್' ಬರದಾಂವ, ಕ್ಯಾಂಡಿಡಸ್ ಅನ್ನೂ ಹೆಸರಿನ್ಯಾಗ. ಓದಿದೆ. ಸೋಲೂದಂತೂ ಖಾತ್ರಿ ಅನಸ್ತದ. ಮರ್ಯಾದಿಲೆ ಸೋಲೂದು ಹ್ಯಾಂಗ?

ತಿಲಕವಾಡಿ ಕಟ್ಟಿ | ಬೆಳಗಾವಿ

ತಂಗಿ, ಛಾಲ್ಮರ್ಸ್ ಮಾತಾಡಿದಂಗ ಮಾತಾಡಬ್ಯಾಡ, ಮೊದಲನೇ ಮಾತು ಅದು. ಮಾಂಟೆಸ್ಕ್ಯೂ ಹಿಂಗಂದ, ಹ್ಯೂಮ್ ಹಂಗಂದ ಅಂತ ಸುರು ಮಾಡಿದ್ರ ಹಿಂದಿನ ಸಾಲಿನವರು ಚಾ ಕುಡಿಯಾಕ ಹೋಗ್ತಾರ. ಅವನ ಪುಸ್ತಕದ ಗತಿ ಅದೇ ಆತು. ಹೆಸರಿಟ್ಟದ್ದು 'ಸಾದಾ ಸತ್ಯ', ಬರೆದದ್ದು ಪಂಡಿತರಿಗೆ.

ಘಟಪ್ರಭಾ | ಗೋಕಾಕ

ಮತ್ತ ಅವನ ಕೊನೀ ಘೋಷಣೆ, ಸ್ವಾತಂತ್ರ್ಯ ಅಂದ್ರ ಗುಲಾಮಗಿರಿ, ಎರಡೂ ಒಂದೇ ಅಂತ ದಪ್ಪಕ್ಷರದಾಗ ಹಾಕ್ಯಾನಲ್ಲ, ಅದನ್ನ ಮುಟ್ಟಬ್ಯಾಡವಾ. ನಾನು ಮ್ಯಾಲೆ ಹೇಳಿದ ಡನ್ಮೋರ್ ಸಂಗತಿ ತಗೋ. ಅದು ರಾಜನ ಪರ ಇರೂ ಗಟ್ಟಿ ವಾದ. ಆದ್ರ ಹುಷಾರು: ಡನ್ಮೋರ್ ಬಿಡುಗಡೆ ಹೇಳಿದ್ದು ಬಂಡಾಯಗಾರರ ಗುಲಾಮರಿಗಷ್ಟೇ, ರಾಜನಿಷ್ಠ ಮಾಲಕರ ಗುಲಾಮರಿಗಲ್ಲ. ಎದುರಿನವರು ಅದನ್ನ ಕೇಳೇ ಕೇಳ್ತಾರ.

ಇಂಡಿ ಲಿಂಬಿ | ವಿಜಯಪುರ

ಅಂಬಾಯ್‌ದ ಹೆಂಡದಂಗಡಿ ಮಾಲಕನ ಪರ ಮಾತಾಡು. ಪೇನ್ ಅವನ ಒಂದೇ ಸಾಲು ಬರಕೊಂಡಾನ, ಅದರ ಹಿಂದ ಅವನು ಅಡ್ಡಿಲ್ಲ ಅನಿಸಿದಷ್ಟು ತನ್ನ ವಿಚಾರ ಹೇಳಿದ ಅಂತ ಪೇನ್‌ನೇ ಒಪ್ಪಿಕೊಳ್ತಾನ. ಆ ವಿಚಾರ ಏನು ಅಂತ ಒಂದಕ್ಷರ ಬರದಿಲ್ಲ. ಎರಡು ಸೈನ್ಯದ ಹಾದಿ ಮ್ಯಾಲೆ ಅಂಗಡಿ ಇಟ್ಟುಕೊಂಡು, ಕೂಸು ಕಟ್ಟಿಕೊಂಡು ಇದ್ದವನ ವಾದ ಏನಿದ್ದೀತು, ಅದನ್ನ ನೀ ಕಟ್ಟಿ ಹೇಳು. ಹತ್ತು ನಿಮಿಷ ಸಾಕಾಗೂದಿಲ್ಲ ನೋಡು.

ಬಿಎ ಎರಡನೇ ವರ್ಷ | ವಿಜಯಪುರ

ಇದು ಚೊಲೊ ಅದ್ರೀ ಕಾಕಾ. ಛಾಲ್ಮರ್ಸ್ ಬಿಟ್ಟೆ. ಸಂಘಟಕರಿಗೆ ಹೆಸರು ಬದಲಿ ಮಾಡ್ರಿ ಅಂತ ಫೋನ್ ಹಚ್ಚತೀನಿ.

ನವನಗರದ ಓದುಗ | ಬಾಗಲಕೋಟಿ

ಸಂಘಟಕ ನಾನೇ, ಬದಲಿ ಮಾಡಿದೆ. ಎದುರು ಪಕ್ಷದಾಗ ನಿನ್ನ ಜೋಡಿ ನಾನೂ ಕುಂದ್ರತೀನಿ. ಹತ್ತು ನಿಮಿಷ ಅಲ್ಲ, ಹದಿನೈದು ಕೊಟ್ಟೀನಿ.